ದೆಹಲಿಯ ವಿಳಾಸ, ಹಾವೇರಿಯ ವ್ಯಾಜ್ಯ

ಹಾವೇರಿಯ ರೈತನೊಬ್ಬ ಮೊಳಕೆಯೊಡೆಯದ ಬಿತ್ತನೆ ಬೀಜದ ಬಗ್ಗೆ ಕಂಪನಿಯ ಮೇಲೆ ದೂರು ಕೊಟ್ಟನೆಂದು ಇಟ್ಟುಕೊಳ್ಳಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಆಂಧ್ರದ ರೈತರ ಪ್ರಕರಣದಲ್ಲಿ ಹೇಳಿಯಾಗಿದೆ. ಜಿಲ್ಲಾ ಆಯೋಗ ಅವನ ಪರ ಆದೇಶ ಮಾಡಿತು. ಬೆಂಗಳೂರಿನ ರಾಜ್ಯ ಆಯೋಗ ಅದನ್ನು ಎತ್ತಿಹಿಡಿಯಿತು. ಕಂಪನಿ ಎರಡನೇ ಮೇಲ್ಮನವಿ ಹೂಡಿ ದೆಹಲಿಗೆ ಹೋಯಿತು. ಅಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ರೈತನಿಗೆ ವಾದ ಮಂಡಿಸಲು ಅವಕಾಶವನ್ನೇ ಕೊಡದೆ, ಎರಡೂ ಆದೇಶಗಳನ್ನು ರದ್ದು ಮಾಡಿತು. ಇಂಥ ಲೋಪವನ್ನು ತಿದ್ದುವ ಅಧಿಕಾರ ಹೈಕೋರ್ಟಿಗೆ ಇದೆ. ಆದರೆ ಯಾವ ಹೈಕೋರ್ಟಿಗೆ? ದೆಹಲಿಯದಕ್ಕೋ, ಕರ್ನಾಟಕದ್ದಕ್ಕೋ?

ವಕೀಲರ ಕೊಠಡಿಗಳಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಉತ್ತರ ಸರಳ: ಆಯೋಗ ಎಲ್ಲಿ ಕೂರುತ್ತದೋ ಅಲ್ಲಿಯ ಹೈಕೋರ್ಟು. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಂವಿಧಾನದ 227ನೇ ವಿಧಿ ಪ್ರತಿಯೊಂದು ಹೈಕೋರ್ಟಿಗೂ ತನ್ನ ಅಧಿಕಾರ ನಡೆಯುವ ಪ್ರದೇಶದ ಉದ್ದಗಲಕ್ಕೂ ಇರುವ ಎಲ್ಲ ನ್ಯಾಯಾಲಯ, ನ್ಯಾಯಮಂಡಳಿಗಳ ಮೇಲೆ ಮೇಲ್ವಿಚಾರಣೆಯ ಅಧಿಕಾರ ಕೊಡುತ್ತದೆ. ರಾಷ್ಟ್ರೀಯ ಆಯೋಗ ಇರುವುದು ಹೊಸದಿಲ್ಲಿಯ ಐಎನ್ಎ ಬಳಿಯ ಉಪಭೋಕ್ತಾ ನ್ಯಾಯ ಭವನದಲ್ಲಿ. ಆ ಜಾಗ ದೆಹಲಿ ಹೈಕೋರ್ಟಿನ ಎಲ್ಲೆಯೊಳಗೇ ಇದೆ. ಹಾಗಿದ್ದ ಮೇಲೆ ಮೇಲ್ವಿಚಾರಣೆಯೂ ಅದರದ್ದೇ ಆಗಬೇಕು ಎಂಬುದು ಈ ವಾದ. ಇದಕ್ಕೆ ಇನ್ನೊಂದು ಬಲವಾದ ಆಧಾರವೂ ಉಂಟು. 226ನೇ ವಿಧಿಯ ರಿಟ್ ಅಧಿಕಾರಕ್ಕೆ ವ್ಯಾಜ್ಯಕಾರಣ ಹುಟ್ಟಿದ ಸ್ಥಳದ ಮಾನದಂಡವನ್ನು ಸಂಸತ್ತು 1963ರಲ್ಲಿ, ಹದಿನೈದನೇ ತಿದ್ದುಪಡಿಯ ಮೂಲಕ, ಪ್ರತ್ಯೇಕವಾಗಿ ಸೇರಿಸಿತು. ಪಕ್ಕದಲ್ಲೇ ಇದ್ದ 227ನೇ ವಿಧಿಗೆ ಅಂಥ ಮಾತನ್ನು ಸೇರಿಸಲಿಲ್ಲ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಆ ವ್ಯತ್ಯಾಸಕ್ಕೆ ಅರ್ಥ ಇರಲೇಬೇಕಲ್ಲ?

ಇದಕ್ಕೆ ಎದುರಾಗಿ ಈಚೆಗೆ ಇನ್ನೊಂದು ನಂಬಿಕೆ ಬೆಳೆದಿದೆ. ವ್ಯಾಜ್ಯಕಾರಣ ಎಲ್ಲಿ ಹುಟ್ಟಿತೋ ಅಲ್ಲಿಯ ಹೈಕೋರ್ಟಿಗೆ ಹೋಗಬಹುದು, ಆಯೋಗದ ವಿಳಾಸ ಲೆಕ್ಕಕ್ಕಿಲ್ಲ ಎಂಬುದು ಅದು. ಎರಡೂ ಕಡೆಯವರು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆಯುತ್ತಾರೆ. ಎರಡನೆಯ ನಂಬಿಕೆ ಮುಟ್ಟುವ ಫಲ ಬಹುಮಟ್ಟಿಗೆ ಸರಿ, ಹಿಡಿದ ದಾರಿ ತಪ್ಪು. ಮೊದಲನೆಯದು ಪಠ್ಯಕ್ಕೆ ನಿಷ್ಠವಾಗಿರುವಂತೆ ಕಾಣುತ್ತದೆ. ಬಿಚ್ಚಿ ನೋಡಿದರೆ ಪಠ್ಯ ಹೇಳದ್ದನ್ನು ಪಠ್ಯದ ಬಾಯಲ್ಲಿ ಆಡಿಸುತ್ತದೆ.

ಮೊದಲಿಗೆ, ಹೈಕೋರ್ಟಿನ ಬಾಗಿಲು ತೆರೆದದ್ದು ಹೇಗೆಂಬುದನ್ನು ನೋಡಬೇಕು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಾಲದಲ್ಲಿ, ರಾಷ್ಟ್ರೀಯ ಆಯೋಗದ ಆದೇಶದ ಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿಯ ದಾರಿ ಇರುವಾಗ ಹೈಕೋರ್ಟುಗಳು ರಿಟ್ ಅರ್ಜಿ ಕೈಗೆತ್ತಿಕೊಳ್ಳುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತ್ತು. 2020ರ ಜುಲೈ 20ರಂದು 2019ರ ಹೊಸ ಕಾಯ್ದೆ ಜಾರಿಗೆ ಬಂತು. ಅದರ 67ನೇ ಕಲಂ ಪ್ರಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಇರುವುದು ರಾಷ್ಟ್ರೀಯ ಆಯೋಗ ಮೂಲ ದೂರುಗಳಲ್ಲಿ ಕೊಟ್ಟ ಆದೇಶಗಳ ಮೇಲೆ ಮಾತ್ರ. ಈಗಿನ ನಿಯಮದಂತೆ ಅವು ಗ್ರಾಹಕ ತೆತ್ತ ಬೆಲೆ 2 ಕೋಟಿ ರೂಪಾಯಿ ಮೀರಿದ ಪ್ರಕರಣಗಳು. ರಾಜ್ಯ ಆಯೋಗದಿಂದ ಮೇಲ್ಮನವಿಯಾಗಿ ಬಂದ ಪ್ರಕರಣಗಳಲ್ಲಿ ರಾಷ್ಟ್ರೀಯ ಆಯೋಗ ಕೊಟ್ಟ ಆದೇಶಕ್ಕೆ ಕಾಯ್ದೆಯಲ್ಲಿ ಮುಂದಿನ ಮೆಟ್ಟಿಲೇ ಇಲ್ಲ. 2022ರ ಮೇ ತಿಂಗಳಲ್ಲಿ ಇಬ್ರತ್ ಫೈಜಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಖಾಲಿ ಜಾಗವನ್ನು ಗುರುತಿಸಿತು: ರಾಷ್ಟ್ರೀಯ ಆಯೋಗವೂ ಒಂದು ನ್ಯಾಯಮಂಡಳಿ, ಆದ್ದರಿಂದ ಅಂಥ ಆದೇಶದ ಮೇಲೆ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಮರುವರ್ಷ ವಿಮಾ ಕಂಪನಿಯೊಂದರ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಶೇಷ ಅನುಮತಿ ಕೋರಿ ನೇರವಾಗಿ ಸುಪ್ರೀಂ ಕೋರ್ಟಿಗೆ ಬರುವ ಬದಲು ಮೊದಲು ಹೈಕೋರ್ಟಿಗೆ ಹೋಗಿ ಎಂದಿತು. ಹೋಗಬಹುದೇ ಎಂಬ ಪ್ರಶ್ನೆ ಹೀಗೆ ತೀರ್ಮಾನವಾಯಿತು. ಎಲ್ಲಿಗೆ ಎಂಬುದು ಉಳಿಯಿತು.

2024ರಲ್ಲಿ ಆ ಪ್ರಶ್ನೆ ಕೊಲ್ಕತ್ತಾದ ಒಂದು ವ್ಯಾಜ್ಯದಲ್ಲಿ ಎದ್ದು ಬಂತು. ಮೂಲ ದೂರಿನ ವ್ಯಾಜ್ಯಕಾರಣ ಕೊಲ್ಕತ್ತಾದ್ದು. ರಾಷ್ಟ್ರೀಯ ಆಯೋಗದ ಆದೇಶ ಬಂದ ಮೇಲೆ ಸೋತವರು ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಆಯೋಗ ದೆಹಲಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗುವಂತಿಲ್ಲ ಎಂದ ಸುಪ್ರೀಂ ಕೋರ್ಟ್, ದೆಹಲಿ ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿ, ಕಲ್ಕತ್ತಾ ಹೈಕೋರ್ಟಿಗೆ ಹೋಗಲು ಅವಕಾಶ ಕೊಟ್ಟಿತು. ಫಲ ಸ್ಪಷ್ಟ, ಕಾರಣಗಳ ವಿವರಣೆ ಮಾತ್ರ ಚುಟುಕು. 227ನೇ ವಿಧಿಯಲ್ಲಿ ಇಲ್ಲದ ವ್ಯಾಜ್ಯಕಾರಣದ ಮಾತು ಅದರೊಳಗೆ ಬಂದದ್ದು ಹೇಗೆ ಎಂಬ ಸಂಶಯಕ್ಕೆ ಅದು ವಿಸ್ತಾರವಾದ ಸಮಾಧಾನ ಹೇಳಲಿಲ್ಲ. ಗೊಂದಲ ಉಳಿದಿರುವುದು ಈ ಎಡೆಯಲ್ಲೇ.

ಈಗ ವಿಳಾಸದ ವಾದವನ್ನು ಬಿಡಿಸಿ ನೋಡಬಹುದು. 1963ರ ತಿದ್ದುಪಡಿಗೆ ಕಾರಣವಾದ ಕಥೆ ಇಲ್ಲಿ ಮುಖ್ಯ. ಮೂಲ 226ನೇ ವಿಧಿ ಹೈಕೋರ್ಟಿನ ಎಲ್ಲೆಯೊಳಗಿರುವ ವ್ಯಕ್ತಿ ಅಥವಾ ಪ್ರಾಧಿಕಾರಕ್ಕೆ ಮಾತ್ರ ರಿಟ್ ಹೊರಡಿಸಬಹುದು ಎಂದಿತ್ತು. ಅದರಿಂದಾಗಿ ಮದ್ರಾಸ್ ಹೈಕೋರ್ಟ್ ದೆಹಲಿಯ ಚುನಾವಣಾ ಆಯೋಗಕ್ಕೆ ರಿಟ್ ಹೊರಡಿಸುವಂತಿಲ್ಲ ಎಂದು 1953ರಲ್ಲಿ ತೀರ್ಮಾನವಾಯಿತು. 1961ರ ಖಜೂರ್ ಸಿಂಗ್ ಪ್ರಕರಣದಲ್ಲಿ ಅದೇ ನಿಲುವು ಗಟ್ಟಿಯಾಯಿತು. ಕೇಂದ್ರ ಸರ್ಕಾರದ ಕಚೇರಿಗಳೆಲ್ಲ ದೆಹಲಿಯಲ್ಲಿರುವುದರಿಂದ ಅದರ ವಿರುದ್ಧ ದೂರು ಹೇಳುವವರೆಲ್ಲ ಅಂದಿನ ಪಂಜಾಬ್ ಹೈಕೋರ್ಟಿಗೆ ಅಲೆಯಬೇಕಾಯಿತು; ದೆಹಲಿಗೆ ಸ್ವಂತ ಹೈಕೋರ್ಟು ಬಂದದ್ದು 1966ರಲ್ಲಿ. ಈ ತೊಡಕು ಬಿಡಿಸಲೆಂದೇ ತಿದ್ದುಪಡಿ ಬಂತು. ಅಂದರೆ 226ನೇ ವಿಧಿಗೆ ತಿದ್ದುಪಡಿ ಬೇಕಾದದ್ದು ಅದರ ಪದಗಳಲ್ಲೇ ವಿಳಾಸದ ಷರತ್ತು ಇದ್ದದ್ದರಿಂದ, ಆ ಷರತ್ತು ಜನರನ್ನು ಕಾಡಿದ್ದರಿಂದ. 227ನೇ ವಿಧಿ ಅಂದು ಯಾರನ್ನೂ ಹಾಗೆ ಕಾಡಿರಲಿಲ್ಲ. ಕಾಡದ ವಿಧಿಯನ್ನು ಮುಟ್ಟದೆ ಬಿಟ್ಟದ್ದನ್ನು ಸಂಸತ್ತಿನ ನಿಷೇಧವೆಂದು ಓದುವುದು ಮೌನಕ್ಕೆ ಅತಿಯಾದ ಅರ್ಥ ಹಚ್ಚಿದಂತೆ.

ಅದು ಕಾಡದಿರಲು ಕಾರಣವೂ ಇದೆ. ಧಾರವಾಡದ ಜಿಲ್ಲಾ ನ್ಯಾಯಾಲಯವನ್ನೇ ತೆಗೆದುಕೊಳ್ಳಿ. ಅದರ ಕಟ್ಟಡ ಇರುವ ನೆಲವೂ ಅದರ ಅಧಿಕಾರ ನಡೆಯುವ ನೆಲವೂ ಒಂದೇ ರಾಜ್ಯದೊಳಗಿವೆ. ಹೈಕೋರ್ಟು ಮೇಲ್ವಿಚಾರಣೆ ಮಾಡುವ ಬಹುತೇಕ ನ್ಯಾಯಾಲಯಗಳು ಹೀಗೆಯೇ. ಪ್ರದೇಶ ಎಂದರೆ ಕಟ್ಟಡದ ವಿಳಾಸವೋ ಅಧಿಕಾರದ ಹರವೋ ಎಂದು ಕೇಳುವ ಸಂದರ್ಭವೇ ಬರುವುದಿಲ್ಲ. ಇಡೀ ದೇಶಕ್ಕೆ ಒಂದೇ ಆಯೋಗ ಕಟ್ಟಿ, ಅದನ್ನು ಒಂದೇ ಊರಲ್ಲಿ ಕೂರಿಸಿದಾಗ ಮಾತ್ರ ಇವೆರಡೂ ಬೇರೆಯಾಗುತ್ತವೆ. ಆಗ ಯಾವುದನ್ನು ಹಿಡಿಯಬೇಕೆಂದು 227ನೇ ವಿಧಿಯ ಪದಗಳು ಸ್ವತಃ ಹೇಳುವುದಿಲ್ಲ. ಸಹಜ ಓದಿಗೆ ಕಟ್ಟಡವೇ ಮೊದಲು ತೋರುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಮೊದಲು ತೋರಿದ್ದೇ ಕೊನೆಯ ಅರ್ಥವಾಗಬೇಕಿಲ್ಲ. ಈ ಅಧಿಕಾರದ ಹಿರಿಯ ರೂಪವಾದ 1861ರ ಹೈಕೋರ್ಟುಗಳ ಕಾಯ್ದೆಯ 15ನೇ ಕಲಂನಲ್ಲಿ ಮೇಲ್ವಿಚಾರಣೆ ನಿಂತಿದ್ದದ್ದು ವಿಳಾಸದ ಮೇಲಲ್ಲ. ಹೈಕೋರ್ಟಿಗೆ ಮೇಲ್ಮನವಿ ಸಲ್ಲುವ ನ್ಯಾಯಾಲಯಗಳೆಲ್ಲ ಅದರ ಮೇಲ್ವಿಚಾರಣೆಗೆ ಒಳಪಡುತ್ತಿದ್ದವು. ಸಂವಿಧಾನ ಆ ಕೊಂಡಿಯನ್ನು ಬಿಟ್ಟು ನ್ಯಾಯಮಂಡಳಿಗಳನ್ನೂ ಒಳಗೆ ತಂದಿತು. ಅದು ಅಧಿಕಾರದ ವ್ಯಾಪ್ತಿಯನ್ನು ಹಿಗ್ಗಿಸಿದ ಕ್ರಮ. ಅದನ್ನೇ ಕಟ್ಟಡದ ಗೋಡೆಗಳಿಗೆ ಕುಗ್ಗಿಸಿ ಓದುವುದು ವಿಚಿತ್ರ.

ವಿಳಾಸದ ನಿಯಮವನ್ನು ಕೊನೆತನಕ ಎಳೆದರೆ ಏನಾಗುತ್ತದೆ ನೋಡಿ. 2019ರ ಕಾಯ್ದೆಯ 53ನೇ ಕಲಂ ರಾಷ್ಟ್ರೀಯ ಆಯೋಗ ದೆಹಲಿ ನಗರದಲ್ಲಿ ಇರಬೇಕು ಎನ್ನುವುದಿಲ್ಲ. ಸಾಮಾನ್ಯವಾಗಿ ರಾಷ್ಟ್ರ ರಾಜಧಾನಿ ವಲಯದಲ್ಲಿ ಕೆಲಸ ಮಾಡಬೇಕು, ಕೇಂದ್ರ ಸರ್ಕಾರ ಅಧಿಸೂಚಿಸಿದ ಬೇರೆ ಊರುಗಳಲ್ಲೂ ಮಾಡಬಹುದು ಎನ್ನುತ್ತದೆ. ನೋಯ್ಡಾ ಆ ವಲಯದಲ್ಲೇ ಇದೆ, ಗುರುಗ್ರಾಮವೂ ಇದೆ. ನಾಳೆ ಜಾಗ ಸಾಲದೆಂದು ಆಯೋಗದ ಕಚೇರಿಯನ್ನು ನೋಯ್ಡಾಕ್ಕೆ ಸಾಗಿಸಿದರೆ, ಹಾವೇರಿಯ ಬೀಜದ ವ್ಯಾಜ್ಯವೂ ಕೊಚ್ಚಿಯ ಫ್ಲ್ಯಾಟಿನ ವ್ಯಾಜ್ಯವೂ ರಾತ್ರೋರಾತ್ರಿ ಅಲಹಾಬಾದ್ ಹೈಕೋರ್ಟಿನ ಮೇಲ್ವಿಚಾರಣೆಗೆ ಬೀಳುತ್ತವೆ. ಗುರುಗ್ರಾಮಕ್ಕೆ ಹೋದರೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ. ಲಾರಿಗೆ ಕಡತ ತುಂಬಿಸುವ ಆಡಳಿತಾತ್ಮಕ ನಿರ್ಧಾರವೊಂದು ಇಡೀ ದೇಶದ ಗ್ರಾಹಕರ ಸಾಂವಿಧಾನಿಕ ಪರಿಹಾರದ ಜಾಗವನ್ನೇ ಬದಲಿಸಿಬಿಡುತ್ತದೆ. ಇಂಥ ಫಲ ಕೊಡುವ ಓದನ್ನು ಪಠ್ಯ ನಿಷ್ಠೆ ಎಂದು ಕರೆಯುವುದು ಕಷ್ಟ.

ವಿಳಾಸವಾದಿಗಳು 1997ರ ಎಲ್. ಚಂದ್ರಕುಮಾರ್ ತೀರ್ಪನ್ನು ಮುಂದಿಡುತ್ತಾರೆ. ನ್ಯಾಯಮಂಡಳಿಗಳ ತೀರ್ಮಾನಗಳು, ಆ ಮಂಡಳಿ ಯಾವ ಹೈಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅದರ ವಿಭಾಗೀಯ ಪೀಠದ ಪರಿಶೀಲನೆಗೆ ಒಳಪಡುತ್ತವೆ ಎಂದು ಏಳು ನ್ಯಾಯಮೂರ್ತಿಗಳ ಪೀಠ ಅಲ್ಲಿ ಹೇಳಿದೆ. ಮಾತು ಅವರ ಪರವಾಗಿ ಕಾಣುವುದು ನಿಜ. ಆದರೆ ಆ ಪೀಠದ ಮುಂದಿದ್ದ ಚಿತ್ರ ಕೇಂದ್ರ ಆಡಳಿತ ನ್ಯಾಯಮಂಡಳಿಯಂಥ, ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಪೀಠಗಳಿರುವ ಸಂಸ್ಥೆಗಳದು. ಮಂಡಳಿಯ ತೀರ್ಪಿನಿಂದ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬೇಕಾಗಿದ್ದ ಕಕ್ಷಿದಾರರಿಗೆ ಹತ್ತಿರದ, ಕಡಿಮೆ ಖರ್ಚಿನ ಹೈಕೋರ್ಟು ಸಿಗಲಿ ಎಂಬುದು ಆ ವ್ಯವಸ್ಥೆಯ ಹಿಂದಿನ ಕಾಳಜಿ. ಹತ್ತಿರ ತರಲು ಬರೆದ ಅದೇ ವಾಕ್ಯವನ್ನು, ಒಂದೇ ಊರಲ್ಲಿ ಕೂರುವ ಆಯೋಗಕ್ಕೆ ಯಾಂತ್ರಿಕವಾಗಿ ಹಚ್ಚಿದರೆ ಅದು ದೂರ ತಳ್ಳುವ ವಾಕ್ಯವಾಗುತ್ತದೆ.

ಇದಕ್ಕೆ ವಿರುದ್ಧವಾದ ಒಂದು ತೀರ್ಪು ಇರುವುದನ್ನು ಮುಚ್ಚಿಡುವಂತಿಲ್ಲ. ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಆಲಾಪನ್ ಬಂದ್ಯೋಪಾಧ್ಯಾಯ ಅವರ ಅರ್ಜಿಯನ್ನು ಆಡಳಿತ ನ್ಯಾಯಮಂಡಳಿಯ ಪ್ರಧಾನ ಪೀಠ ಕೊಲ್ಕತ್ತಾದಿಂದ ದೆಹಲಿಗೆ ವರ್ಗಾಯಿಸಿಕೊಂಡಾಗ, ಆ ಆದೇಶವನ್ನು ಪ್ರಶ್ನಿಸಬೇಕಾದದ್ದು ದೆಹಲಿ ಹೈಕೋರ್ಟಿನಲ್ಲೇ ಹೊರತು ಕಲ್ಕತ್ತಾ ಹೈಕೋರ್ಟಿನಲ್ಲಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿತು. ಆಧಾರ ಅದೇ ಚಂದ್ರಕುಮಾರ್. ಆದರೆ ಮುಂದಿನ ವರ್ಷವೇ, ಉತ್ತರಾಖಂಡದಿಂದ ಬಂದ ಅಂಥದೇ ವರ್ಗಾವಣೆಯ ಪ್ರಕರಣದಲ್ಲಿ, ಇನ್ನೊಂದು ಪೀಠ ಈ ಪ್ರಶ್ನೆಯನ್ನು ವಿಸ್ತೃತ ಪೀಠ ನೋಡಲಿ ಎಂದು ಕಳುಹಿಸಿತು. ಸುಪ್ರೀಂ ಕೋರ್ಟಿನ ಒಳಗೇ ಭಿನ್ನ ದನಿಗಳಿರುವಾಗ ವಿಳಾಸದ ನಿಯಮ ಪ್ರಶ್ನಾತೀತ ಎನ್ನುವುದು ಸಲ್ಲದು.

ಹಾಗಾದರೆ ವ್ಯಾಜ್ಯಕಾರಣದ ನಿಯಮ ಸಾಕೇ? ಸಾಲದು. 226ನೇ ವಿಧಿಯ ಮಾನದಂಡ ವ್ಯಾಜ್ಯಕಾರಣದ ಒಂದು ಭಾಗ ಹುಟ್ಟಿದ ಜಾಗವನ್ನೂ ಒಪ್ಪುತ್ತದೆ. ಗ್ರಾಹಕ ವ್ಯಾಜ್ಯಗಳಲ್ಲಿ ಅದನ್ನು ಹಚ್ಚಿದರೆ ಅನಾಹುತ. ಶಿವಮೊಗ್ಗದ ಗೃಹಿಣಿಯೊಬ್ಬರು ಮೊಬೈಲಿನಲ್ಲಿ ಆರ್ಡರ್ ಮಾಡಿದ ಮಿಕ್ಸರ್ ತಮಿಳುನಾಡಿನ ಗೋದಾಮಿನಿಂದ ಹೊರಟು, ಹಣ ಮುಂಬೈಯ ಬ್ಯಾಂಕಿಗೆ ಹೋಗಿ, ಮಾರಾಟಗಾರನ ಕಚೇರಿ ಗುರುಗ್ರಾಮದಲ್ಲಿದ್ದರೆ ವ್ಯಾಜ್ಯಕಾರಣದ ತುಂಡುಗಳು ನಾಲ್ಕು ರಾಜ್ಯಗಳಲ್ಲಿ ಚೆದುರಿಕೊಂಡಿರುತ್ತವೆ. ಸೋತ ಕಂಪನಿ ತನಗೆ ಅನುಕೂಲವಾದ ಹೈಕೋರ್ಟನ್ನು ಆಯ್ದುಕೊಳ್ಳುತ್ತದೆ. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಲ್ಲೇ ದೂರು ಕೊಡಬಹುದೆಂದು 2019ರ ಕಾಯ್ದೆಯ 34ನೇ ಕಲಂ ಕೊಟ್ಟ ಸೌಲಭ್ಯ ಕೊನೆಯ ಹಂತದಲ್ಲಿ ಕೈಜಾರುತ್ತದೆ. ಅಲ್ಲದೆ ಮೇಲ್ವಿಚಾರಣೆ ಎಂಬುದು ಒಂದು ನ್ಯಾಯಪೀಠಕ್ಕೂ ಇನ್ನೊಂದು ನ್ಯಾಯಪೀಠಕ್ಕೂ ಇರುವ ಸಂಬಂಧ. ಪ್ರಜೆಗೂ ಪ್ರಾಧಿಕಾರಕ್ಕೂ ನಡುವಿನ ಜಗಳಕ್ಕೆ ಹೊಲಿದ ಅಂಗಿ ಅದಕ್ಕೆ ಹೊಂದುವುದಿಲ್ಲ.

ಎರಡರ ದೋಷವನ್ನೂ ತಪ್ಪಿಸುವ ಮಾನದಂಡ ಒಂದಿದೆ: ದೂರು ಮೊದಲು ದಾಖಲಾದ ಆಯೋಗ ಯಾವ ಹೈಕೋರ್ಟಿನ ಮೇಲ್ವಿಚಾರಣೆಗೆ ಒಳಪಡುತ್ತದೋ, ಆ ಪ್ರಕರಣ ಎಷ್ಟೇ ಮೇಲಕ್ಕೆ ಹೋದರೂ ಅದೇ ಹೈಕೋರ್ಟು. ಹಾವೇರಿ ಜಿಲ್ಲಾ ಆಯೋಗವೂ ಬೆಂಗಳೂರಿನ ರಾಜ್ಯ ಆಯೋಗವೂ ಕರ್ನಾಟಕ ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿವೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ರಾಷ್ಟ್ರೀಯ ಆಯೋಗ ಮೇಲ್ಮನವಿಯಲ್ಲಿ ಆ ಆದೇಶವನ್ನು ತಿದ್ದಿದಾಗ ಕರ್ನಾಟಕದ ಪ್ರಕರಣವೊಂದರ ಮೇಲೆ ತನ್ನ ಅಧಿಕಾರ ನಡೆಸುತ್ತದೆ. ಆದೇಶ ಜಾರಿಗೆ ಬರಬೇಕಾದಾಗಲೂ ಪ್ರಕರಣ ಮರಳುವುದು ಮೂಲ ಆಯೋಗಕ್ಕೇ. ಅಷ್ಟರ ಮಟ್ಟಿಗೆ ರಾಷ್ಟ್ರೀಯ ಆಯೋಗ ಕರ್ನಾಟಕದ ಪ್ರದೇಶದಲ್ಲಿ ಕೆಲಸ ಮಾಡುವ ನ್ಯಾಯಮಂಡಳಿಯೇ. ಈ ಓದಿಗೆ 227ನೇ ವಿಧಿಯೊಳಗೆ ಹೊಸ ಪದ ತುರುಕಬೇಕಿಲ್ಲ. ಪ್ರದೇಶ ಎಂಬ ಇರುವ ಪದವನ್ನು ಅಧಿಕಾರದ ಹರವು ಎಂದು ತಿಳಿದರೆ ಸಾಕು.

ತೆರಿಗೆಯ ಕ್ಷೇತ್ರ ಈ ದಾರಿಯನ್ನು ಆಗಲೇ ತುಳಿದಿದೆ. ಹಲವು ರಾಜ್ಯಗಳಿಗೆ ಒಂದೇ ಅಬಕಾರಿ ನ್ಯಾಯಮಂಡಳಿ ದೆಹಲಿಯಲ್ಲಿದ್ದಾಗ ಮೇಲ್ಮನವಿ ಯಾವ ಹೈಕೋರ್ಟಿಗೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2007ರ ಅಂಬಿಕಾ ಇಂಡಸ್ಟ್ರೀಸ್ ತೀರ್ಪಿನಲ್ಲಿ, ಮೊದಲ ಆದೇಶ ಮಾಡಿದ ಅಧಿಕಾರಿ ಇರುವ ರಾಜ್ಯದ ಹೈಕೋರ್ಟಿಗೆ ಎಂದು ಉತ್ತರಿಸಿತು. ಮಂಡಳಿಯ ವಿಳಾಸವನ್ನೇ ಹಿಡಿದರೆ ಬೇರೆ ರಾಜ್ಯದ ತೆರಿಗೆದಾರ ತನ್ನ ಹೈಕೋರ್ಟಿನ ತೀರ್ಪನ್ನು ತಪ್ಪಿಸಿಕೊಂಡು ದೆಹಲಿಯ ತೀರ್ಪಿನ ಲಾಭ ಪಡೆಯುತ್ತಾನೆ ಎಂಬುದು ಅದರ ಆತಂಕ. 2022ರಲ್ಲಿ ಎಬಿಸಿ ಪೇಪರ್ಸ್ ಪ್ರಕರಣದಲ್ಲಿ ಆದಾಯ ತೆರಿಗೆಗೂ ಅದೇ ಸೂತ್ರ ಅನ್ವಯವಾಯಿತು. ಅವು ಶಾಸನಬದ್ಧ ಮೇಲ್ಮನವಿಗಳು, 227ನೇ ವಿಧಿಯ ಅರ್ಜಿಗಳಲ್ಲ ಎಂಬ ಭೇದ ಇದೆ. ಆದರೂ ಮೊದಲ ಆದೇಶದ ಜಾಗಕ್ಕೆ ಗೂಟ ನೆಟ್ಟರೆ ಹೈಕೋರ್ಟು ಅಲುಗಾಡುವುದಿಲ್ಲ ಎಂಬ ತರ್ಕ ಎರಡಕ್ಕೂ ಸಮಾನ.

ಈ ಮಾನದಂಡಕ್ಕೆ ಬರಬಹುದಾದ ಗಂಭೀರ ಆಕ್ಷೇಪಗಳು ಮೂರು.

1. ಒಂದೇ ಆಯೋಗದ ಮೇಲೆ 25 ಹೈಕೋರ್ಟುಗಳ ಮೇಲ್ವಿಚಾರಣೆ ಎಂದರೆ 25 ಬಗೆಯ ಕಾನೂನು. ಆಯೋಗ ಯಾರ ಮಾತು ಕೇಳಬೇಕು? ಉತ್ತರ: ಕರ್ನಾಟಕದ ಪ್ರಕರಣದಲ್ಲಿ ಕರ್ನಾಟಕದ್ದು, ಕೇರಳದ್ದರಲ್ಲಿ ಕೇರಳದ್ದು. ತೆರಿಗೆ ಮಂಡಳಿಗಳು ಇದೇ ಕ್ರಮದಲ್ಲಿ ನಡೆಯುತ್ತಿವೆ. ಭಿನ್ನಾಭಿಪ್ರಾಯ ಬಂದಾಗ ಸರಿಪಡಿಸಲು ಸುಪ್ರೀಂ ಕೋರ್ಟ್ ಇದೆ. ಎಲ್ಲವನ್ನೂ ದೆಹಲಿಗೆ ಕಟ್ಟಿಹಾಕಿದರೆ ಒಂದು ಹೈಕೋರ್ಟಿನ ಅಭಿಪ್ರಾಯವೇ ಇಡೀ ದೇಶದ ಗ್ರಾಹಕ ಕಾನೂನಾಗುತ್ತದೆ. ಸಂವಿಧಾನ ಆ ಸ್ಥಾನವನ್ನು ಯಾವ ಹೈಕೋರ್ಟಿಗೂ ಕೊಟ್ಟಿಲ್ಲ.

2. 227ನೇ ವಿಧಿಯ ಮೇಲ್ವಿಚಾರಣೆ ಬರೀ ತೀರ್ಪು ತಿದ್ದುವುದಲ್ಲ. ವರದಿ ತರಿಸುವುದು, ನಿಯಮ ಮಾಡುವುದು, ದಾಖಲೆ ಪುಸ್ತಕಗಳ ನಮೂನೆ ಗೊತ್ತುಪಡಿಸುವುದು ಕೂಡ. 25 ಹೈಕೋರ್ಟುಗಳೂ ವರದಿ ಕೇಳಿದರೆ ಆಯೋಗದ ಗತಿಯೇನು? ಆಕ್ಷೇಪ ನ್ಯಾಯವಾದದ್ದು. ಆದರೆ ಈ ಅಧಿಕಾರಕ್ಕೆ ಆಡಳಿತದ ಮುಖವೂ ನ್ಯಾಯಿಕ ಮುಖವೂ ಉಂಟೆಂದು 1954ರ ವರ್ಯಾಮ್ ಸಿಂಗ್ ತೀರ್ಪಿನಿಂದಲೂ ಒಪ್ಪಿತವಾಗಿದೆ. ಆಡಳಿತದ ಮುಖ ಸಂಸ್ಥೆಗೆ ಅಂಟಿಕೊಂಡದ್ದು, ಅದು ವಿಳಾಸದ ಜೊತೆ ಹೋಗಲಿ. ನ್ಯಾಯಿಕ ಮುಖ ಒಂದೊಂದು ಪ್ರಕರಣಕ್ಕೆ ಅಂಟಿಕೊಂಡದ್ದು, ಅದು ಪ್ರಕರಣದ ಮೂಲದ ಜೊತೆ ಹೋಗಬೇಕು.

3. ಮೂಲ ದೂರೇ ದೆಹಲಿಯ ರಾಷ್ಟ್ರೀಯ ಆಯೋಗದಲ್ಲಿ ದಾಖಲಾಗಿದ್ದರೆ? ಆಗ ಮೊದಲ ಆಯೋಗ ಅದೇ. ಅಂಥ ಪ್ರಕರಣದ ಅಂತಿಮ ಆದೇಶಕ್ಕೆ 67ನೇ ಕಲಂ ಪ್ರಕಾರ ಸುಪ್ರೀಂ ಕೋರ್ಟಿನ ಬಾಗಿಲಿದೆ. ಅಪರೂಪಕ್ಕೆ 227ನೇ ವಿಧಿಯ ಪ್ರಶ್ನೆ ಎದ್ದರೂ ಮಾನದಂಡವೇ ದೆಹಲಿ ಹೈಕೋರ್ಟನ್ನು ತೋರಿಸುತ್ತದೆ. ನಿಯಮ ಮುರಿಯುವುದಿಲ್ಲ.

ಇಷ್ಟೆಲ್ಲ ಚರ್ಚೆ ವಕೀಲರ ಕಸರತ್ತೆನಿಸಬಹುದು. ಪೆಟ್ಟು ಬೀಳುವುದು ಕಕ್ಷಿದಾರನಿಗೆ. ತಪ್ಪು ಹೈಕೋರ್ಟಿಗೆ ಹೋದವನ ಅರ್ಜಿ, ವಿಷಯಕ್ಕೆ ಕೈ ಹಾಕುವ ಮೊದಲೇ, ಸರಹದ್ದಿನ ಪ್ರಶ್ನೆಯಲ್ಲಿ ಬಿದ್ದುಹೋಗುತ್ತದೆ. ಕೊಲ್ಕತ್ತಾದ ಪ್ರಕರಣದಲ್ಲಿ ಹೈಕೋರ್ಟಿನ ಒಂದು ಸುತ್ತು ಮುಗಿದು, ಸುಪ್ರೀಂ ಕೋರ್ಟಿನ ಇನ್ನೊಂದು ಸುತ್ತೂ ಮುಗಿದ ಮೇಲೆ ತಿಳಿದದ್ದು ಎಲ್ಲಿಂದ ಹೊರಡಬೇಕಿತ್ತು ಎಂಬುದಷ್ಟೇ. ದೊಡ್ಡ ಕಂಪನಿಗೆ ಇದು ಒಂದು ವರ್ಷದ ವಕೀಲರ ಬಿಲ್ಲು. ಬೀಜದ ಪರಿಹಾರಕ್ಕಾಗಿ ಕಾದಿರುವವನಿಗೆ ಇನ್ನೊಂದು ಬಿತ್ತನೆಯ ಹಂಗಾಮು.

ಇದನ್ನು ಸರಿಪಡಿಸಲು ದೊಡ್ಡ ಸಂವಿಧಾನ ತಿದ್ದುಪಡಿಯೇನೂ ಬೇಕಿಲ್ಲ. 2023ರಲ್ಲಿ ವಿಸ್ತೃತ ಪೀಠಕ್ಕೆ ಒಪ್ಪಿಸಿದಂಥ ಪ್ರಶ್ನೆಗಳಲ್ಲಿ ಸುಪ್ರೀಂ ಕೋರ್ಟು 2024ರ ತನ್ನ ಚುಟುಕು ಆದೇಶಕ್ಕೆ ಪೂರ್ಣ ಕಾರಣಗಳನ್ನು ಜೋಡಿಸಿ, ವ್ಯಾಜ್ಯಕಾರಣದ ಸಡಿಲ ಮಾತನ್ನು ಬಿಟ್ಟು, ಮೊದಲ ಆಯೋಗದ ನೆಲೆಯನ್ನು ಮಾನದಂಡವೆಂದು ಹೇಳಬೇಕು. ಅದಾಗುವವರೆಗೆ ರಾಷ್ಟ್ರೀಯ ಆಯೋಗದ ಆದೇಶ ಹಿಡಿದು ಹೈಕೋರ್ಟಿನ ದಾರಿ ಹುಡುಕುವ ಗ್ರಾಹಕರು ಆ ಆದೇಶದ ಮೇಲಿನ ಹೊಸದಿಲ್ಲಿಯ ಮುದ್ರೆಯನ್ನು ನೋಡಿ ರೈಲು ಹತ್ತುವುದು ಬೇಡ. ತಮ್ಮ ಮೊದಲ ದೂರಿನ ಮೊದಲ ಪುಟ ತೆರೆದು, ಅದು ಯಾವ ಜಿಲ್ಲೆಯ ಆಯೋಗದ ಹೆಸರಿನಲ್ಲಿದೆ ಎಂದು ನೋಡಿಕೊಂಡು ವಕೀಲರ ಬಳಿಗೆ ಹೋಗಲಿ.